ಹದಿಹರೆಯದವರ ಕೈಗೆ ಯಾವ ಕಾದಂಬರಿ ಕೊಡೋಣ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಹನ್ನೆರಡು ದಾಟಿದ ಮಕ್ಕಳಿಗೆ ಯಾವ ಕಥೆ, ಕಾದಂಬರಿ ಓದಲು ಕೊಡಬೇಕು? ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಚಿಕ್ಕವನಿದ್ದಾಗ ಕೈಗೆ ಸಿಕ್ಕಿದ್ದೆಲ್ಲ ಓದುತ್ತಿದ್ದ. ಈಗ ಪುಸ್ತಕ ಅಂದರೆ ಮುಖ ತಿರುಗಿಸುತ್ತಾನೆ. ಪ್ರಶಸ್ತಿ ಬಂದ ಪುಸ್ತಕಗಳನ್ನೇ ಹುಡುಕಿ ತಂದುಕೊಟ್ಟೆ. ಒಂದನ್ನೂ ಮುಗಿಸಲಿಲ್ಲ. ಏನು ಕೊಡಲಿ?
– ಒಬ್ಬ ಅಮ್ಮ

ಉತ್ತರ: ಮೊದಲಿಗೆ, ಗಾಬರಿ ಬೇಡ. ಈ ವಯಸ್ಸಿನಲ್ಲಿ ಓದು ನಿಂತುಹೋಗುವುದು ಬೇಕಾದಷ್ಟು ಮನೆಗಳಲ್ಲಿ ಇದೆ. ಚಿಕ್ಕ ಮಕ್ಕಳ ಕಥೆ ಸಪ್ಪೆ ಅನ್ನಿಸುತ್ತದೆ, ದೊಡ್ಡವರ ಕಾದಂಬರಿ ಇನ್ನೂ ಒಗ್ಗುವುದಿಲ್ಲ, ನಡುವೆ ಏನಿದೆ ಅಂತ ಯಾರೂ ತೋರಿಸಿರುವುದಿಲ್ಲ.

ಪುಸ್ತಕ ಹುಡುಕುವ ಮೊದಲು ಅವನ ಜೊತೆ ಸ್ವಲ್ಪ ಮಾತಾಡಿ. "ನಿನಗೆ ಎಂಥ ಪುಸ್ತಕ ಬೇಕು?" ಅಂತ ಕೇಳಬೇಡಿ, ಅದಕ್ಕೆ "ಗೊತ್ತಿಲ್ಲ" ಅನ್ನುವ ಉತ್ತರವೇ ಬರುತ್ತದೆ. ಇತ್ತೀಚೆಗೆ ಯಾವ ಸಿನಿಮಾ, ಯಾವ ಗೇಮ್ ಅರ್ಧಕ್ಕೆ ಬಿಡಲು ಆಗಲಿಲ್ಲ, ಅದರಲ್ಲಿ ಏನು ಹಿಡಿಸಿತು ಅಂತ ಕೇಳಿ. ಒಗಟು ಬಿಡಿಸುವುದೋ, ಗೆಳೆಯರ ಗುಂಪೋ, ಆಟದ ಹುಮ್ಮಸ್ಸೋ, ಭಯವೋ? ಆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ವಯಸ್ಸು ನೋಡಿ ಕೊಟ್ಟ ಪುಸ್ತಕಕ್ಕಿಂತ ಈ ಉತ್ತರ ನೋಡಿ ಕೊಟ್ಟ ಪುಸ್ತಕ ಎಷ್ಟೋ ಚೆನ್ನಾಗಿ ಓಡುತ್ತದೆ.

ಒಗಟು ಇಷ್ಟಪಡುವವನಾದರೆ ಲೂಯಿಸ್ ಸ್ಯಾಕರ್ ಬರೆದ 'ಹೋಲ್ಸ್' ಕೊಡಿ. 1998ರ ಪುಸ್ತಕ. ಮಾಡದ ತಪ್ಪಿಗೆ ಒಬ್ಬ ಹುಡುಗ ಶಿಕ್ಷೆಯ ಶಿಬಿರಕ್ಕೆ ಹೋಗುತ್ತಾನೆ, ಅಲ್ಲಿ ದಿನಕ್ಕೊಂದು ಗುಂಡಿ ತೋಡಬೇಕು, ಐದು ಅಡಿ ಆಳ, ಐದು ಅಡಿ ಅಗಲ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಅಧ್ಯಾಯಗಳು ಪುಟ್ಟಪುಟ್ಟವು. ಹಳೆಯ ಕಾಲದ ಎರಡು ಕಥೆಗಳು ನಡುನಡುವೆ ಬಂದು ಕೊನೆಗೆ ಈ ಹುಡುಗನ ಕಥೆಗೆ ಸೇರಿಕೊಳ್ಳುವ ರೀತಿ ನಿಜಕ್ಕೂ ಅದ್ಭುತ. ಅಂದಹಾಗೆ ಇದಕ್ಕೂ ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಬಂದಿದೆ, ಹಾಗಾಗಿ ಪ್ರಶಸ್ತಿ ಬಂದದ್ದೆಲ್ಲ ಬೇಸರದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರಶಸ್ತಿ ಕೊಡುವವರು ದೊಡ್ಡವರು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಆಟದ ಹುಚ್ಚು ಇದ್ದರೆ ಕ್ವಾಮಿ ಅಲೆಕ್ಸಾಂಡರ್ ಅವರ 'ದ ಕ್ರಾಸ್‌ಓವರ್'. ಬಾಸ್ಕೆಟ್‌ಬಾಲ್ ಆಡುವ ಅವಳಿ ಅಣ್ಣತಮ್ಮಂದಿರ ಕಥೆ, ಪೂರ್ತಿ ಪದ್ಯದಲ್ಲಿದೆ. ಪದ್ಯ ಅಂದ ಕೂಡಲೇ ಹೆದರಬೇಡಿ. ಪುಟದಲ್ಲಿ ಅಕ್ಷರ ಕಡಿಮೆ, ಬಿಳಿ ಜಾಗ ಜಾಸ್ತಿ, ಹಾಗಾಗಿ ಓದು ಬಿಟ್ಟ ಮಕ್ಕಳು ಬೇಗ ಬೇಗ ಪುಟ ತಿರುಗಿಸುತ್ತಾರೆ. "ಇಷ್ಟು ದಪ್ಪದ ಪುಸ್ತಕ ಮುಗಿಸಿಬಿಟ್ಟೆ" ಅನ್ನುವ ಹೆಮ್ಮೆ ಇದೆಯಲ್ಲ, ಅದು ಮುಂದಿನ ಪುಸ್ತಕದ ಕಡೆಗೆ ಎಳೆಯುತ್ತದೆ. ಇದೇ ರೀತಿಯದು ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್'. ಅಣ್ಣನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಬಂದೂಕು ಹಿಡಿದು ಹೊರಟ 15ರ ಹುಡುಗ ಲಿಫ್ಟ್‌ನಲ್ಲಿ ಕೆಳಗಿಳಿಯುವ ಸುಮಾರು ಒಂದು ನಿಮಿಷವೇ ಇಡೀ ಕಾದಂಬರಿ. ಮಹಡಿ ಮಹಡಿಯಲ್ಲೂ ಗುಂಡೇಟಿಗೆ ಸತ್ತ ಒಬ್ಬೊಬ್ಬರು ಲಿಫ್ಟ್ ಹತ್ತುತ್ತಾರೆ. ಇದನ್ನು ನಿಮ್ಮ ಮಗನಿಗೆ ಇನ್ನೊಂದು ವರ್ಷ ಬಿಟ್ಟು ಕೊಡಿ, ನೀವೂ ಓದಿ.

ಒಂದೇ ಪುಸ್ತಕ ಕೊಟ್ಟು ಕಾಯಬೇಡಿ. ಮೂರು ನಾಲ್ಕು ಇಡಿ, ಹಿಡಿಸದ್ದನ್ನು ಬಿಡಬಹುದು ಅಂತ ಮೊದಲೇ ಹೇಳಿಬಿಡಿ. ಓದಿದ ಮೇಲೆ "ಏನು ಕಲಿತೆ?" ಅಂತ ದಯವಿಟ್ಟು ಕೇಳಬೇಡಿ.

ಪ್ರಶ್ನೆ: ಮಗಳಿಗೆ 12. ಅವಳ ಓದು ವಯಸ್ಸಿಗಿಂತ ತುಂಬಾ ಮುಂದಿದೆ. 'ದ ಹಂಗರ್ ಗೇಮ್ಸ್' ಬೇಕು ಅಂತ ಹಟ. ಕೊಡಬಹುದಾ?
– ಒಬ್ಬ ಅಪ್ಪ

ಉತ್ತರ: ಓದಲು ಬರುವುದು ಬೇರೆ, ಓದಿದ್ದನ್ನು ಮನಸ್ಸು ತಡೆದುಕೊಳ್ಳುವುದು ಬೇರೆ. ಹನ್ನೆರಡರಿಂದ ಹದಿನೆಂಟರವರೆಗೆ ಎಲ್ಲರನ್ನೂ 'ಯಂಗ್ ಅಡಲ್ಟ್' ಅನ್ನುವ ಒಂದೇ ಹಣೆಪಟ್ಟಿಯ ಕೆಳಗೆ ಸೇರಿಸುತ್ತಾರೆ. ಆದರೆ ಆ ಆರು ವರ್ಷಗಳಲ್ಲಿ ಮಗು ಎಷ್ಟು ಬದಲಾಗುತ್ತದೆ ಅಲ್ವಾ? ಹಾಗಾಗಿ ಹಣೆಪಟ್ಟಿ ನಂಬಬೇಡಿ, ಕಥಾನಾಯಕಿಯ ವಯಸ್ಸು ನೋಡಿ. ಮಕ್ಕಳಿಗೆ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಇಷ್ಟವಾಗುತ್ತದೆ. 'ದ ಹಂಗರ್ ಗೇಮ್ಸ್' ನಾಯಕಿ ಕ್ಯಾಟ್ನಿಸ್‌ಗೆ 16. ಹನ್ನೆರಡು ಜಿಲ್ಲೆಗಳಿಂದ ಇಬ್ಬಿಬ್ಬರಂತೆ 24 ಮಕ್ಕಳನ್ನು ಒಂದು ಕಣಕ್ಕೆ ಬಿಟ್ಟು, ಅವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ದೇಶಕ್ಕೆಲ್ಲ ಟಿವಿಯಲ್ಲಿ ತೋರಿಸುತ್ತಾರೆ. ಸುಝಾನ್ ಕಾಲಿನ್ಸ್ ಅದನ್ನು ಮಜಾಕ್ಕೆ ಬರೆದಿಲ್ಲ, ಹಿಂಸೆಯನ್ನು ಮನರಂಜನೆ ಮಾಡಿಕೊಂಡ ಜನರ ಮೇಲಿನ ಸಿಟ್ಟು ಪುಟಪುಟದಲ್ಲೂ ಇದೆ. ಆದರೂ 12ರ ಕೆಲವು ಮಕ್ಕಳಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಕೆಲವರು ಆರಾಮಾಗಿ ಓದುತ್ತಾರೆ. ನಿಮ್ಮ ಮಗಳು ಯಾವ ಗುಂಪಿನವಳು ಅಂತ ನಿಮಗೇ ಗೊತ್ತು. ಮೊದಲ ಐವತ್ತು ಪುಟ ನೀವು ಓದಿ, ಆಮೇಲೆ ತೀರ್ಮಾನ ಮಾಡಿ.

ಈಗಲೇ ಕೊಡುವುದಾದರೆ ಲೋಯಿಸ್ ಲೋರಿ ಅವರ 'ದ ಗಿವರ್' ಕೊಡಿ. 1993ರಲ್ಲಿ ಬಂತು, ನಾಯಕ ಜೋನಸ್‌ಗೂ 12. ಯಾರಿಗೂ ನೋವಿಲ್ಲದ, ಬಣ್ಣಗಳೂ ಇಲ್ಲದ ಒಂದು ಸಮಾಜ. ಭಾಷೆ ಸರಳ, ಆದರೆ ಎತ್ತುವ ಪ್ರಶ್ನೆಗಳು ದೊಡ್ಡವರನ್ನೂ ಕಾಡುತ್ತವೆ. ಅದರಲ್ಲೂ ಒಂದು ದೃಶ್ಯ ಬಹಳ ನೋವಿನದು, ಓದಿದ ಮೇಲೆ ಅವಳು ಮಾತಾಡಲು ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಕೂತುಕೊಳ್ಳಿ. ಮಾಯಾಲೋಕ ಬೇಕು ಅಂದರೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝಾರ್ಡ್ ಆಫ್ ಅರ್ತ್‌ಸೀ' ಇದೆ. ಜಂಬದಿಂದ ತಾನೇ ಹೊರಬಿಟ್ಟ ನೆರಳೊಂದು ಮಾಂತ್ರಿಕ ಹುಡುಗನನ್ನು ಅಟ್ಟಿಸಿಕೊಂಡು ಬರುವ ಕಥೆ. 1968ರದ್ದು, ಈಗಲೂ ಹಳತಾಗಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಸಾವು, ದೌರ್ಜನ್ಯ, ಖಿನ್ನತೆ ಇರುವ ಕಾದಂಬರಿಗಳನ್ನು ತರಗತಿಯ ಕಪಾಟಿನಲ್ಲಿ ಇಡಲು ಹಿಂಜರಿಕೆ. ಮಕ್ಕಳ ಮನಸ್ಸಿಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಹಿಂಜರಿಕೆ ಅರ್ಥವಾಗುತ್ತದೆ. ಆದರೂ ಇಡಿ ಅಂತಲೇ ಹೇಳುತ್ತೇನೆ. ನಿಮ್ಮ ತರಗತಿಯಲ್ಲೇ ಇಂಥದ್ದನ್ನು ಅನುಭವಿಸಿ ಬಾಯಿ ಬಿಡದ ಮಗು ಇರಬಹುದು. ಲಾರೀ ಹಾಲ್ಸ್ ಆಂಡರ್ಸನ್ ಅವರ 'ಸ್ಪೀಕ್' (1999) ಅಂಥ ಹುಡುಗಿಯ ಕಥೆ. ಒಂದು ಪಾರ್ಟಿಯಿಂದ ಪೊಲೀಸರಿಗೆ ಫೋನ್ ಮಾಡಿದಳು ಅಂತ ಶಾಲೆಯೇ ಅವಳನ್ನು ದೂರ ಇಟ್ಟಿದೆ, ಯಾಕೆ ಮಾಡಿದಳು ಅಂತ ಯಾರೂ ಕೇಳಿಲ್ಲ. ಅವಳ ಮೇಲೆ ಅತ್ಯಾಚಾರ ಆಗಿತ್ತು. ಅಂಥ ನೋವಿರುವ ಮಗುವಿಗೆ "ಇದು ನನಗೊಬ್ಬಳಿಗೇ ಆದದ್ದಲ್ಲ" ಅಂತ ತಿಳಿಯುವುದೇ ದೊಡ್ಡದು. ಆ ನೋವಿಲ್ಲದ ಮಗು, ಪಕ್ಕದ ಬೆಂಚಿನ ಗೆಳತಿ ಯಾಕೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು ಅಂತ ಯೋಚಿಸಲು ಕಲಿಯುತ್ತದೆ. 14 ದಾಟಿದವರಿಗೆ ಕೊಡಿ.

ಸಾವಿನ ಬಗ್ಗೆ ಆದರೆ ನಾನು ಮೊದಲು ಹೇಳುವ ಹೆಸರು 'ಎ ಮಾನ್‌ಸ್ಟರ್ ಕಾಲ್ಸ್'. ಶಿವಾನ್ ಡೌಡ್ ಅನ್ನುವ ಲೇಖಕಿಗೆ ಹೊಳೆದ ಕಥೆ ಅದು. ಬರೆಯುವ ಮೊದಲೇ, 2007ರಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ಯಾಟ್ರಿಕ್ ನೆಸ್ ಅದನ್ನು ಬರೆದರು, ಪುಸ್ತಕ 2011ರಲ್ಲಿ ಬಂತು. ಅಮ್ಮನಿಗೆ ಕಾಯಿಲೆ ಇರುವ 13ರ ಹುಡುಗನ ಹತ್ತಿರ ರಾತ್ರಿ ಒಂದು ಮರ ದೈತ್ಯನಾಗಿ ಬಂದು ಮೂರು ಕಥೆ ಹೇಳುತ್ತದೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿಜ ಇರಬೇಕು ಅನ್ನುತ್ತದೆ. ಅವನು ಹೇಳಲು ಹೆದರುವ ಆ ನಿಜವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ಇನ್ನೊಂದು ಮಕ್ಕಳ ಪುಸ್ತಕ ನನಗೆ ಸಿಕ್ಕಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಇಂಥ ಪುಸ್ತಕವನ್ನು ಒಂದು ಮಗುವಿನ ಹೆಸರು ಕರೆದು ಎಲ್ಲರೆದುರು ಕೊಡಬೇಡಿ. ಕಪಾಟಿನಲ್ಲಿ ಸುಮ್ನೆ ಇರಲಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಮಗು ನಿಜವಾಗಿ ಸಂಕಟದಲ್ಲಿದೆ ಅಂತ ಅನ್ನಿಸಿದರೆ ಪುಸ್ತಕದ ಮೇಲೆ ಭಾರ ಹಾಕಬೇಡಿ. ನೀವೇ ಮಾತಾಡಿಸಿ, ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 16. ಕಾಮಿಕ್ಸ್, ಲವ್ ಸ್ಟೋರಿ ಓದಿದರೆ ಮನೆಯಲ್ಲಿ "ಅದೆಲ್ಲ ಓದೇ ಅಲ್ಲ" ಅನ್ನುತ್ತಾರೆ. ಹೌದಾ?

ಉತ್ತರ: ಓದೇ. ಖಂಡಿತ ಓದೇ. ಜೀನ್ ಲುಎನ್ ಯಾಂಗ್ ಚಿತ್ರಗಳಲ್ಲೇ ಹೇಳಿದ 'ಅಮೆರಿಕನ್ ಬಾರ್ನ್ ಚೈನೀಸ್' 2007ರಲ್ಲಿ ಪ್ರಿಂಟ್ಸ್ ಪ್ರಶಸ್ತಿ ಪಡೆಯಿತು. ಹದಿಹರೆಯದವರ ಸಾಹಿತ್ಯಕ್ಕೆಂದೇ ಇರುವ ಆ ಪ್ರಶಸ್ತಿ ಪಡೆದ ಮೊದಲ ಗ್ರಾಫಿಕ್ ಕಾದಂಬರಿ ಅದು. ಮನೆಯಲ್ಲಿ ತೋರಿಸು. ಫ್ರಾನ್ಸಿನ ಲೇಖಕ, ಶಿಕ್ಷಕ ಡೇನಿಯಲ್ ಪೆನಾಕ್ ಓದುಗರಿಗೆ ಹತ್ತು ಹಕ್ಕುಗಳಿವೆ ಅಂತ ಬರೆದಿದ್ದಾರೆ. ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಏನು ಬೇಕಾದರೂ ಓದುವ ಹಕ್ಕು ಅದರಲ್ಲಿವೆ. ಅವೆಲ್ಲ ನಿನಗೂ ಇವೆ.

ಲವ್ ಸ್ಟೋರಿ ಓದುವಾಗ ಒಂದು ವಿಷಯ ಗಮನಿಸು. ಕಥೆಯ ಹುಡುಗ ಹುಡುಗಿಯ ಮೇಲೆ ಕಣ್ಣಿಟ್ಟು, ಹಿಂಬಾಲಿಸಿ, ಯಾರ ಜೊತೆ ಮಾತಾಡಬೇಕು ಅಂತ ತಾನೇ ಹೇಳುತ್ತಿದ್ದರೆ, ಲೇಖಕರು ಅದನ್ನು ಪ್ರೀತಿ ಅಂತ ಕರೆದರೂ ನೀನು ಒಪ್ಪಬೇಕಾಗಿಲ್ಲ.

ನಿನ್ನ ವಯಸ್ಸಿನವರೇ ಬರೆದದ್ದು ಬೇಕಾ? ಎಸ್. ಇ. ಹಿಂಟನ್ 'ದ ಔಟ್‌ಸೈಡರ್ಸ್' ಶುರು ಮಾಡಿದಾಗ ಅವರಿಗೆ 15 ವರ್ಷ. 1967ರಲ್ಲಿ ಅಚ್ಚಾಯಿತು. ಎರಡು ಗುಂಪಿನ ಹುಡುಗರ ಜಗಳದ ಕಥೆ. ಈ ಕಥೆ ಬರೆದದ್ದು ಹುಡುಗಿ ಅಂತ ಗೊತ್ತಾದರೆ ವಿಮರ್ಶಕರು ಬದಿಗೆ ಸರಿಸಬಹುದು ಅಂತ ಪ್ರಕಾಶಕರು ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹಾಕಿದರು.

ಪ್ರಶ್ನೆ: ಇವೆಲ್ಲ ಇಂಗ್ಲಿಷ್ ಪುಸ್ತಕಗಳೇ ಆದವು. ಕನ್ನಡದಲ್ಲೇ ಓದುವ ಹುಡುಗ ಹುಡುಗಿಯರಿಗೆ?

ಉತ್ತರ: ಪೂರ್ಣಚಂದ್ರ ತೇಜಸ್ವಿಯವರಿಂದ ಶುರು ಮಾಡಿ. ಅವರು ಹದಿಹರೆಯದವರಿಗೆಂದೇ ಬರೆದವರಲ್ಲ, ಆದರೆ ಆ ವಯಸ್ಸಿಗೆ ಬೇಕಾದ ಕುತೂಹಲ, ನಗು, ಓಟ ಎಲ್ಲ ಅವರಲ್ಲಿದೆ. ಪತ್ತೇದಾರಿ ಇಷ್ಟ ಅನ್ನುವವರಿಗೆ 'ಜುಗಾರಿ ಕ್ರಾಸ್', ಕಾಡು ಪ್ರಾಣಿ ಅಂದರೆ ಜೀವ ಬಿಡುವವರಿಗೆ 'ಕರ್ವಾಲೋ'. ಯಾವುದೋ ಕಾಲದ ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ ಇದು, ಬಂದದ್ದು 1980ರಲ್ಲಿ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡ ಮಗುವಿಗಂತೂ ಇದನ್ನು ಕೊಡಲೇಬೇಕು, ಯಾಕೆಂದರೆ ಎಲ್ಲರೂ ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಒಬ್ಬ ಜೀವಶಾಸ್ತ್ರಜ್ಞನನ್ನೇ ಕಾಣುತ್ತಾರೆ. ಮೊದಲ ಒಂದೆರಡು ಅಧ್ಯಾಯ ನೀವು ಗಟ್ಟಿಯಾಗಿ ಓದಿ ಹೇಳಿ, ಮಂದಣ್ಣ ಪರಿಚಯವಾದ ಮೇಲೆ ಪುಸ್ತಕ ಅವರ ಕೈಗೆ ಕೊಡಿ.