ಪ್ರತಿಕ್ರಿಯೆ: ಲ್ಯಾಕೇಸ್ ಉಪಚಾರದ ನಂತರ ಸೆಣಬಿನ ನಾರು ಮೃದುವಾಗದೆ ಕಂದಾಗಿರುವ ಬಗ್ಗೆ

ಲ್ಯಾಕೇಸ್ ಕಿಣ್ವದಿಂದ ಉಪಚರಿಸಿದ ಮೇಲೂ ನಿಮ್ಮ ಸೆಣಬಿನ ನಾರು ಮೃದುವಾಗದೆ ಕಂದು ಬಣ್ಣಕ್ಕೆ ತಿರುಗಿದೆ ಎಂದಿದ್ದೀರಿ. ಮೀಡಿಯೇಟರ್ (ಕಿಣ್ವದ ಉತ್ಕರ್ಷಣ ಕ್ರಿಯೆಯನ್ನು ಲಿಗ್ನಿನ್‌ಗೆ ತಲುಪಿಸುವ ಸಣ್ಣ ಅಣು) ಇಲ್ಲದೆ ಲ್ಯಾಕೇಸ್ ಒಂದನ್ನೇ ಬಳಸಿರುವುದು ಬಹುಮಟ್ಟಿಗೆ ಇದಕ್ಕೆ ಕಾರಣ. ಈ ಕಿಣ್ವವು ತಾನಾಗಿ, ನಾರನ್ನು ಗಡುಸಾಗಿಸುವ ಲಿಗ್ನಿನ್‌ನ ಫೀನಾಲಿಕ್ (ಫೀನಾಲ್ ಗುಂಪುಳ್ಳ) ಘಟಕಗಳನ್ನಷ್ಟೇ ಉತ್ಕರ್ಷಿಸುತ್ತದೆ. ಆಗ ಹುಟ್ಟುವ ಅತಿ ಚುರುಕಾದ ರ‍್ಯಾಡಿಕಲ್‌ಗಳು ಲಿಗ್ನಿನ್ ಒಡೆಯುವ ಬದಲು ಪರಸ್ಪರ ಬೆಸೆದುಕೊಳ್ಳುತ್ತವೆ, ಜೊತೆಗೆ ಕ್ವಿನೋನ್ ಎಂಬ ಬಣ್ಣದ ಸಂಯುಕ್ತಗಳೂ ಉಂಟಾಗುತ್ತವೆ.

ಮೊದಲು ನಾರಿನ ಮೇಣವನ್ನೂ, ಗಿರಣಿಯಿಂದ ಬಂದ ನಾರಾಗಿದ್ದರೆ ಅದರ ಎಣ್ಣೆಯನ್ನೂ, ಸೌಮ್ಯ ಮಾರ್ಜಕ ಬೆರೆಸಿದ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನಂತರ ಝೈಲನೇಸ್ ಕಿಣ್ವದಿಂದ, ಲಿಗ್ನಿನ್ ಜೊತೆ ಹೆಣೆದುಕೊಂಡಿರುವ ಹೆಮಿಸೆಲ್ಯುಲೋಸ್ ಎಂಬ ಸಕ್ಕರೆ-ಸರಪಳಿಗಳನ್ನು ಸಡಿಲಿಸಿ. ಈ ಹಂತವನ್ನು ಬಿಟ್ಟರೆ ಲ್ಯಾಕೇಸ್‌ಗೆ ಲಿಗ್ನಿನ್ ಸುಲಭವಾಗಿ ಸಿಗುವುದಿಲ್ಲ. ಆಮೇಲೆ ಅಸಿಟೇಟ್ ಬಫರಿನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ), ಪಿಎಚ್ 4.5ರಿಂದ 5, ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲ್ಯಾಕೇಸ್ ಜೊತೆಗೆ ಎಚ್‌ಬಿಟಿ (1-ಹೈಡ್ರಾಕ್ಸಿಬೆಂಝೋಟ್ರಯಝೋಲ್) ಎಂಬ ಮೀಡಿಯೇಟರನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ಏಕೆಂದರೆ ಅದು ಹೆಚ್ಚಾದರೆ ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ. ನೀವು ಕಿಣ್ವದ ಮೂಲವನ್ನು ತಿಳಿಸಿಲ್ಲವಾದ್ದರಿಂದ ಇದು ಶಿಲೀಂಧ್ರದ ಲ್ಯಾಕೇಸ್ ಎಂದು ಭಾವಿಸಿದ್ದೇನೆ. ಬ್ಯಾಕ್ಟೀರಿಯಾದ್ದಾದರೆ ತಯಾರಕರ ಪಿಎಚ್ ಸೂಚನೆಯನ್ನೇ ಪಾಲಿಸಿ. ಕ್ರಿಯೆಗೆ ಆಮ್ಲಜನಕ ಅಗತ್ಯ, ಹಾಗಾಗಿ ಗಾಳಿ ಹಾಯಿಸುತ್ತ ಕಲಕುತ್ತಿರಿ. ಕ್ಲೋರೈಡ್ ಲ್ಯಾಕೇಸನ್ನು ತಡೆಯುವುದರಿಂದ ಪಿಎಚ್ ಸರಿಪಡಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ದಯವಿಟ್ಟು ಬಳಸಬೇಡಿ. ಕೊನೆಗೆ ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದರೆ ಸಡಿಲಗೊಂಡ ಲಿಗ್ನಿನ್ ಹೊರಬಂದು ಕಂದು ಬಣ್ಣ ತಗ್ಗುತ್ತದೆ.

ನಿಮಗೆ ಬೇಕಿರುವುದು ಮೃದುತ್ವ ಮಾತ್ರವಾದರೆ, ಲ್ಯಾಕೇಸ್ ಬಿಟ್ಟು ಪೆಕ್ಟಿನೇಸ್ (ನಾರುಗಳನ್ನು ಅಂಟಿಸುವ ಪೆಕ್ಟಿನ್ ಒಡೆಯುವ ಕಿಣ್ವ) ಮತ್ತು ಝೈಲನೇಸ್ ಮಿಶ್ರಣವನ್ನೇ ಒಂದು ಸಣ್ಣ ತುಂಡಿನ ಮೇಲೆ ಮೊದಲು ಪರೀಕ್ಷಿಸಿ.