ಓದುಗರ ಪ್ರಶ್ನೆ: ಜೂನ್‌ಟೀನ್ತ್ ಆಚರಣೆ ಹೇಗೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನಾ ಘೋಷಣೆ ಹೊರಡಿಸಿದ್ದು 1863ರ ಜನವರಿ 1ರಂದು. ಅಲ್ಲಿನ ಕಪ್ಪು ಜನ ಬಿಡುಗಡೆಯ ಹಬ್ಬವಾದ ಜೂನ್‌ಟೀನ್ತ್ ಮಾಡುವುದು ಜೂನ್ 19ರಂದು. ಏಕೆ?

ಉತ್ತರ: ಆ ಘೋಷಣೆ ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಸಂಬಂಧಿಸಿದ್ದು. ಒಕ್ಕೂಟದ (ಲಿಂಕನ್ ಸರ್ಕಾರದ) ಸೈನ್ಯ ಕಾಲಿಡದ ಕಡೆ ಅದನ್ನು ಜಾರಿ ಮಾಡುವವರೇ ಇರಲಿಲ್ಲ. ದೂರದ ಟೆಕ್ಸಾಸ್‌ಗಂತೂ ಅಂತರ್ಯುದ್ಧದ ಕಾಲದಲ್ಲಿ ಬೇರೆ ರಾಜ್ಯಗಳ ಮಾಲೀಕರು ತಮ್ಮ ಗುಲಾಮರನ್ನು ಸಾಗಿಸಿ ತಂದಿದ್ದರು. 1865ರ ಜೂನ್ 19ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಒಕ್ಕೂಟದ ಸೈನ್ಯದ ಮೇಜರ್ ಜನರಲ್ ಗಾರ್ಡನ್ ಗ್ರೇಂಜರ್ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರುವ 3ನೇ ಸಾಮಾನ್ಯ ಆದೇಶ ಹೊರಡಿಸಿದಾಗ ಆ ರಾಜ್ಯದಲ್ಲಿ ಸುಮಾರು ಎರಡೂವರೆ ಲಕ್ಷ ಗುಲಾಮರಿದ್ದರು. ಮರುವರ್ಷವೇ ಆಚರಣೆ ಶುರುವಾಯಿತು. ರಾಷ್ಟ್ರೀಯ ರಜೆಯಾದದ್ದು 2021ರಲ್ಲಿ. ಆದರೆ ಬಿಡುಗಡೆಯನ್ನು ನೆನೆಯುವ ದಿನ ಎಲ್ಲ ಕಡೆಯೂ ಒಂದೇ ಅಲ್ಲ. ವಾಷಿಂಗ್ಟನ್ ನಗರದಲ್ಲಿ ಏಪ್ರಿಲ್ 16, ಫ್ಲಾರಿಡಾದಲ್ಲಿ ಮೇ 20. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲವೇರ್‌ಗಳಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

ಪ್ರಶ್ನೆ: ನಾವಿರುವ ಟೆಕ್ಸಾಸ್‌ನ ಊರಿನಲ್ಲಿ ನೆರೆಯವರು ಈ ಹಬ್ಬದ ತಯಾರಿಗೆ ಕರೆದಿದ್ದಾರೆ. ಏನು ಗಮನಿಸಬೇಕು?

ಉತ್ತರ: ಮೊದಲು ಗ್ರೇಂಜರ್ ಆದೇಶದ ವಾಚನ. ಬಹಳ ಕಡೆ "ಗುಲಾಮರೆಲ್ಲರೂ ಸ್ವತಂತ್ರರು" ಎಂಬ ಮೊದಲ ವಾಕ್ಯಕ್ಕೇ ಚಪ್ಪಾಳೆ ಬಿದ್ದು ಓದು ನಿಂತುಬಿಡುತ್ತದೆ. ಹಾಗಾಗಬಾರದು. ಇಡೀ ಆದೇಶ ಓದಲು ಒಂದು ನಿಮಿಷವೂ ಬೇಡ. ಮಾಲೀಕ–ಗುಲಾಮರಿಗೆ ವೈಯಕ್ತಿಕ ಹಕ್ಕಿನಲ್ಲೂ ಆಸ್ತಿಯ ಹಕ್ಕಿನಲ್ಲೂ ಪೂರ್ಣ ಸಮಾನತೆ ಎಂದು ಎರಡನೇ ವಾಕ್ಯ ಹೇಳುತ್ತದೆ. ಕೊನೆಯ ಸಾಲುಗಳೋ, ಇದ್ದಲ್ಲೇ ಸುಮ್ಮನಿದ್ದು ಕೂಲಿಗೆ ದುಡಿಯಿರಿ, ಸೈನ್ಯದ ಠಾಣೆಗಳ ಬಳಿ ಸೇರಬೇಡಿ ಎನ್ನುತ್ತವೆ. ಬಿಡುಗಡೆಯ ಜೊತೆಗೇ ಬಂದ ಈ ಕಟ್ಟಳೆಯೂ ಮಕ್ಕಳ ಕಿವಿಗೆ ಬೀಳಲೇಬೇಕು. ಓದನ್ನು ಊರಿನ ಹಿರಿಯ ಕಪ್ಪು ಮಹಿಳೆಗೋ ಪುರುಷರಿಗೋ ಬಿಡಿ, ಊಟಕ್ಕೆ ಮೊದಲೇ ಇಡಿ. ತಟ್ಟೆ ಕೈಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ.

ಉದ್ಯಾನಕ್ಕೆ ಅನುಮತಿ ಬೇಗ ಪಡೆಯಿರಿ. ಜೂನ್‌ನ ಬಿಸಿಲಿಗೆ ವೃದ್ಧರು ಬೇಗ ಬಳಲುತ್ತಾರೆ, ವೇದಿಕೆಯ ಮುಂದೆಯೇ ನೆರಳಿರಲಿ. ಈ ಹಬ್ಬಕ್ಕೆ ಜಾಗ ಸುಲಭವಾಗಿ ಸಿಕ್ಕದ್ದಲ್ಲ. ಹ್ಯೂಸ್ಟನ್‌ನಲ್ಲಿ 1872ರಲ್ಲಿ ಪಾದ್ರಿ ಜ್ಯಾಕ್ ಯೇಟ್ಸ್ ಮೊದಲಾದವರು ಚಂದಾ ಎತ್ತಿ 10 ಎಕರೆ ಕೊಂಡರು. ಅದೇ ಇಂದಿನ ಎಮ್ಯಾನ್ಸಿಪೇಷನ್ ಪಾರ್ಕ್. ಜೂನ್‌ಟೀನ್ತ್ ಬಾವುಟ ಕಟ್ಟುವಾಗ ನೀಲಿ ಮೇಲೆ, ಕೆಂಪು ಕೆಳಗೆ, ನಡುವೆ ಬಿಳಿ ನಕ್ಷತ್ರ.

ಪ್ರಶ್ನೆ: ಈ ಹಬ್ಬದಲ್ಲಿ ಕುಡಿಯುವ ಕೆಂಪು ಪಾನೀಯ ಮನೆಯಲ್ಲಿ ಮಾಡಬಹುದೇ?

ಉತ್ತರ: ಮಾಡಬಹುದು. ಕಲ್ಲಂಗಡಿ, ಕೆಂಪು ಸೋಡಾಗಳ ಜೊತೆ ಒಣ ದಾಸವಾಳದ ಪಾನಕವೂ ಈ ದಿನದ್ದೇ. 2 ಲೀಟರ್ ನೀರು ಕುದಿಸಿ ಒಲೆ ಆರಿಸಿ, 50 ಗ್ರಾಂ ಒಣ ಹೂ, ಜಜ್ಜಿದ ಶುಂಠಿ ಹಾಕಿ ಮುಚ್ಚಿ. 20 ನಿಮಿಷಕ್ಕೆ ಸೋಸಿ, ಬಿಸಿ ಇರುವಾಗಲೇ 200 ಗ್ರಾಂ ಸಕ್ಕರೆ ಕರಗಿಸಿ. ಹೂವನ್ನು ಹೆಚ್ಚು ಹೊತ್ತು ಕುದಿಸಿದರೆ ಒಗರು ಬರುತ್ತದೆ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಬಳಸಿ. ಬಯಲಿನಲ್ಲಿ ಐಸ್ ಬೇಗ ಕರಗಿ ಪಾನಕ ನೀರಾಗುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು, ಐಸನ್ನು ಲೋಟಕ್ಕೇ ಹಾಕಿ ಕೊಡಿ.