ಲ್ಯಾಪ್‌ಲೆಂಡಿನಲ್ಲಿ ಉಚಿತ ಕಾಡುಮನೆಗಳಿರುವಾಗ ಟೆಂಟು ಏಕೆ ಬೇಕು?

ನಿಮ್ಮ ಪ್ರಶ್ನೆ ಓದಿದಾಗ, 2016ರ ಸೆಪ್ಟೆಂಬರಿನಲ್ಲಿ ಫಿನ್ಲೆಂಡಿನ ಔಲು ನಗರದ ವಿದ್ಯಾರ್ಥಿನಿಲಯದಲ್ಲಿ ಕುಳಿತು ನಾನೇ ಹಾಕಿದ್ದ ಲೆಕ್ಕ ನೆನಪಾಯಿತು. ಲ್ಯಾಪ್‌ಲೆಂಡಿನ, ಅಂದರೆ ಉತ್ತರ ಫಿನ್ಲೆಂಡಿನ, ಸರೋವರಗಳ ದಡದಲ್ಲಿ ಕಡಿಮೆ ಖರ್ಚಿನಲ್ಲಿ ನಾಲ್ಕು ರಾತ್ರಿ ಕಳೆಯಬೇಕು, ಅಲ್ಲಿ ಉಚಿತ ಕಾಡುಮನೆಗಳಿರುವುದರಿಂದ ಟೆಂಟನ್ನು ಬಿಟ್ಟು ಹೋಗಬಹುದಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಟ್ಟು ಹೋಗಬೇಡಿ.

ನಾನು ಮತ್ತು ದಾವಣಗೆರೆಯ ನನ್ನ ಸಹಪಾಠಿ ರೈಲಿನಲ್ಲಿ ರೊವಾನಿಯೆಮಿಗೆ ಹೋಗಿ, ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಸಾಗಿ ಇನಾರಿ ಎಂಬ ಊರನ್ನು ತಲುಪಿದ್ದೆವು. ಇದು ಸಾಮಿ ಎಂಬ ಮೂಲನಿವಾಸಿ ಜನರ ನಾಡು. ಫಿನ್ಲೆಂಡಿನ ಸಾಮಿ ಸಂಸತ್ತೂ ಸೀಡಾ ಎಂಬ ಅವರ ವಸ್ತುಸಂಗ್ರಹಾಲಯವೂ ಇರುವುದು ಈ ಪುಟ್ಟ ಊರಿನಲ್ಲಿಯೇ. ಊರಿನ ಮುಂದೆಯೇ ಸಾವಿರ ಚದರ ಕಿಲೋಮೀಟರಿಗೂ ದೊಡ್ಡದಾದ, ಮೂರು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ಇನಾರಿ ಸರೋವರ ಹರಡಿಕೊಂಡಿದೆ. ನಾವು ಹೊರಟಿದ್ದು ಅಲ್ಲಿಂದ ಸುಮಾರು 45 ಕಿ.ಮೀ. ನೈಋತ್ಯಕ್ಕಿರುವ ಲೆಮ್ಮೆನ್‌ಯೊಕಿ ರಾಷ್ಟ್ರೀಯ ಉದ್ಯಾನಕ್ಕೆ. 1956ರಲ್ಲಿ ಸ್ಥಾಪನೆಯಾದ, ಫಿನ್ಲೆಂಡಿನಲ್ಲೇ ಅತಿ ದೊಡ್ಡದಾದ ಆ ಉದ್ಯಾನದೊಳಗೆ ನದಿಯು ಅಲ್ಲಲ್ಲಿ ಅಗಲವಾಗಿ ಹರಡಿ ಸರೋವರವಾಗುತ್ತದೆ. ಸೆಪ್ಟೆಂಬರಿನಲ್ಲಿ ಬರ್ಚ್ ಮರಗಳ ಎಲೆ ಹಳದಿಯಾಗಿ, ನೆಲದ ಗಿಡಗಳು ಕೆಂಪಾಗಿ, ನೀರು ಅಲುಗದೆ ನಿಂತಿರುವ ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪು ಅಡಗಿದೆ. ಫಿನ್ಲೆಂಡಿನ ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಮೆಟ್ಸಹಲ್ಲಿಟುಸ್ ಸಂಸ್ಥೆಯು ಕಾಡಿನೊಳಗೆ ನಿರ್ವಹಿಸುವ ಮನೆಗಳಲ್ಲಿ ಬೇರೆ ಬೇರೆ ಬಗೆಗಳಿವೆ. 'ಔಟಿಯೊಟುಪಾ' ಎಂದರೆ ಬೀಗವಿಲ್ಲದ ಮನೆ. ಅದು ನಮ್ಮ ಹಳೆಯ ಕಾಲದ ಛತ್ರದಂತೆ: ಬಾಡಿಗೆಯಿಲ್ಲ, ಮುಂಗಡ ಕಾಯ್ದಿರಿಸುವಂತಿಲ್ಲ, ನಡೆದು ಬಂದವರು ಒಂದೆರಡು ರಾತ್ರಿ ಉಳಿದು ಮುಂದೆ ಸಾಗಬೇಕು. 'ವರೌಸ್‌ಟುಪಾ' ಎಂದರೆ ಕಾಯ್ದಿರಿಸುವ ಮನೆ. ಅದು ನಮ್ಮ ಐ.ಬಿ. (ಸರ್ಕಾರಿ ಪ್ರವಾಸಿ ಮಂದಿರ) ಇದ್ದಂತೆ: ಮೊದಲೇ ಹಣ ಕಟ್ಟಿ, ಊರಿನಲ್ಲಿಯೇ ಬೀಗದ ಕೈ ಪಡೆದುಕೊಂಡು ಹೋಗಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾದ ದಿಮ್ಮಿಯ ಮನೆಗಳು. ಎಷ್ಟೋ ಕಡೆ ಒಂದೇ ಸೂರಿನಡಿ ಅರ್ಧ ಭಾಗ ಬೀಗವಿಲ್ಲದ್ದು, ಇನ್ನರ್ಧ ಕಾಯ್ದಿರಿಸುವಂಥದ್ದು. ನಾನು ನಕ್ಷೆಯಲ್ಲಿ 'ಟುಪಾ' ಎಂಬ ಪದವನ್ನು ಕಂಡು, ಅದರ ಹಿಂದಿನ ಪದವನ್ನು ನೋಡುವ ಗೋಜಿಗೇ ಹೋಗದೆ, ಎಲ್ಲವೂ ಛತ್ರವೇ ಎಂದು ತಿಳಿದೆ. ಆ ಒಂದು ಪದದ ಮೇಲೆ ನಾಲ್ಕು ರಾತ್ರಿಗಳ ಯೋಜನೆಯನ್ನು ನಿಲ್ಲಿಸಿ, ಮೂರು ಕಿಲೋ ತೂಕದ ಟೆಂಟನ್ನು ಔಲುವಿನ ಕಪಾಟಿನಲ್ಲಿಯೇ ಬಿಟ್ಟೆ. ಗೆಳೆಯ ಕೇಳಿದಾಗ, ಮನೆಯಿರುವಾಗ ಅದೇಕೆ ಬೇಕು ಎಂದವನೂ ನಾನೇ.

ಮೊದಲ ದಿನ ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಸಂಜೆ ಏಳೂವರೆಯ ಹೊತ್ತಿಗೆ, ಬೆಳಕು ಕಂದುತ್ತಿದ್ದಾಗ, ಸರೋವರದ ದಡದ ಮನೆಯನ್ನು ತಲುಪಿದರೆ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದಾಗ ಒಳಗಿನ ಒಲೆಯೂ ಮಲಗುವ ಹಲಗೆಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮಳೆಯಲ್ಲಿ ನಕ್ಷೆಯನ್ನು ಮತ್ತೆ ಬಿಡಿಸಿ ನೋಡುವ ತಾಳ್ಮೆ ನನಗಿರಲಿಲ್ಲ. ಸ್ವಲ್ಪ ಹಿಂದೆ 'ಲಾವು' ಎಂಬ, ಮೂರು ಕಡೆ ಗೋಡೆಯಿದ್ದು ಮುಂಭಾಗ ಪೂರ್ತಿ ತೆರೆದಿರುವ ಹಲಗೆಯ ತಂಗುದಾಣವನ್ನು ಕಂಡಿದ್ದೆವು, ಅಲ್ಲಿಗೆ ಮರಳಿದೆವು. ಬೀಗವಿಲ್ಲದ ಮನೆ ಅಲ್ಲಿಂದ ನಾಲ್ಕೇ ಕಿಲೋಮೀಟರ್ ಮುಂದಿತ್ತೆಂಬುದು ಗೊತ್ತಾದದ್ದು ಮರುದಿನ.

ರಾತ್ರಿ ಮೋಡ ಚದುರಿ ಚಳಿ ಇಳಿಯಿತು. ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮವಿತ್ತು, ಬಾಟಲಿಯ ನೀರಿನ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟಿತ್ತು. ನಮ್ಮ ಸ್ಲೀಪಿಂಗ್ ಬ್ಯಾಗುಗಳ ಮೇಲೆ ಮೈನಸ್ 5 ಎಂದು ಬರೆದಿತ್ತು, ಆದರೆ ಅದು ಹಾಯಾಗಿ ನಿದ್ರಿಸಬಹುದಾದ ಉಷ್ಣಾಂಶವಲ್ಲ, ಜೀವ ಉಳಿಯಬಹುದಾದ ಕಡೆಯ ಮಿತಿ ಎಂಬುದನ್ನೂ ನಾನು ಓದಿರಲಿಲ್ಲ. ನಡುರಾತ್ರಿಯವರೆಗೆ ನಡುಗುತ್ತಿದ್ದ ಗೆಳೆಯ ಸುಮ್ಮನಾದಾಗ, ನಿದ್ರೆ ಹತ್ತಿತೆಂದು ಸಮಾಧಾನಪಟ್ಟೆ. ಮೈ ತೀರಾ ತಣ್ಣಗಾದಾಗ ನಡುಕ ನಿಲ್ಲುವುದು ಅಪಾಯದ ಸೂಚನೆ. ಅದು ನನಗೆ ತಿಳಿದಿರಲಿಲ್ಲ. ಏನೋ ಕೇಳಿದ್ದಕ್ಕೆ ಅವನು ತೊದಲಿದಾಗ ಮಾತ್ರ ಭಯವಾಯಿತು. ಒದ್ದೆ ಬಟ್ಟೆ ಬದಲಾಯಿಸಿ, ಎರಡೂ ಸ್ಲೀಪಿಂಗ್ ಬ್ಯಾಗುಗಳನ್ನು ಅವನಿಗೇ ಹೊದಿಸಿ, ಅಲ್ಲಿದ್ದ ಬರ್ಚ್ ಸೌದೆಯ ತೊಗಟೆ ಸುಲಿದು ಬೆಂಕಿ ಹೊತ್ತಿಸಿದೆ. ಆ ತೊಗಟೆ ತೇವವಾಗಿದ್ದರೂ ಉರಿಯುತ್ತದೆ, ನಮ್ಮನ್ನು ಕಾಪಾಡಿದ್ದು ಅದೇ. ಬಿಸಿನೀರಿಗೆ ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಾ ಬೆಳಗು ಮಾಡಿದೆ. ಮರುದಿನ ನದಿಯಲ್ಲಿ ಬಂದ ದೋಣಿಯೊಂದಕ್ಕೆ ಹಣ ಕೊಟ್ಟು ಹಿಂದಿರುಗಿ, ಇನಾರಿಯಲ್ಲಿ ಎರಡು ರಾತ್ರಿ ಬಾಡಿಗೆಯ ಕೋಣೆಯಲ್ಲಿ ಅವನ ಜ್ವರ ಇಳಿಯುವವರೆಗೆ ಕಾದೆವು. ಇಡೀ ಪ್ರವಾಸಕ್ಕೆಂದು ಎತ್ತಿಟ್ಟಿದ್ದಕ್ಕಿಂತ ಹೆಚ್ಚು ಹಣ ಆ ಎರಡು ದಿನಗಳಲ್ಲಿ ಖರ್ಚಾಯಿತು. ಕಾಯ್ದಿರಿಸುವ ಮನೆಯಲ್ಲಿ ಒಬ್ಬರ ಹಾಸಿಗೆಗೆ ಆಗುತ್ತಿದ್ದುದು ಹೋಟೆಲಿನ ಒಂದು ಊಟದಷ್ಟು ಮಾತ್ರ.

ಆದ್ದರಿಂದ 'ಟೆಂಟೋ, ಕಾಡುಮನೆಯೋ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಡುಮನೆಗೆ ಹೋಗುವವರಿಗೇ ಟೆಂಟು ಹೆಚ್ಚು ಬೇಕು. ಬೀಗವಿಲ್ಲದ ಮನೆಗಳ ಪದ್ಧತಿಯ ಪ್ರಕಾರ ಕೊನೆಗೆ ಬಂದವರಿಗೆ ಮೊದಲ ಹಕ್ಕು. ಮೊದಲೇ ಬಂದು ಬಟ್ಟೆ ಒಣಗಿಸಿಕೊಂಡವರು ಜಾಗ ಬಿಡಬೇಕು. ಟೆಂಟಿಲ್ಲದೆ ಹೋದವರು ಜಾಗ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಮನೆಯಲ್ಲಿ ಕಟ್ಟಿಗೆಯ ಒಲೆ, ಹಾಸಿಗೆಯಿಲ್ಲದ ಹಲಗೆ, ಹೊರಗೆ ಸೌದೆಯ ಕೊಟ್ಟಿಗೆ ಮತ್ತು ಒಣ ಶೌಚಾಲಯ ಇರುತ್ತವೆ, ವಿದ್ಯುತ್ತಿಲ್ಲ. ಹೊರಡುವಾಗ ಗುಡಿಸಿ, ಮುಂದೆ ಬರುವವರಿಗಾಗಿ ಒಣ ಸೌದೆಯನ್ನು ಒಳಗಿಡುವುದು ಕಡ್ಡಾಯವೆಂದೇ ತಿಳಿಯಿರಿ.

ಖರ್ಚಿನ ಮಾತಿಗೆ ಬಂದರೆ, ಅಲ್ಲಿ ದುಬಾರಿಯಾಗಿರುವುದು ಪ್ರಯಾಣವೇ ಹೊರತು ಹಾಸಿಗೆಯಲ್ಲ. ನೀವು ನಾಲ್ವರಿದ್ದರೆ ಕಾಡಿನ ಆಸೆಯನ್ನು ಎರಡು ರಾತ್ರಿಗೆ ಇಳಿಸಿ, ಉಳಿದೆರಡು ರಾತ್ರಿ ಇನಾರಿಯ ದಡದಲ್ಲಿ ಎಲ್ಲರೂ ಹಂಚಿಕೊಳ್ಳುವ ಅಡುಗೆಮನೆಯಿರುವ ಸಣ್ಣ ಕ್ಯಾಬಿನ್ನನ್ನು ಬಾಡಿಗೆಗೆ ಹಿಡಿಯಿರಿ. ಹಾಸುವ ಬಟ್ಟೆಗೆ ಸಾಮಾನ್ಯವಾಗಿ ಪ್ರತ್ಯೇಕ ಹಣ ಕೇಳುತ್ತಾರೆ, ನಿಮ್ಮದನ್ನೇ ಒಯ್ಯಿರಿ. ಅಡುಗೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ರೊವಾನಿಯೆಮಿಯಲ್ಲಿ ಕೊಳ್ಳಿರಿ. ಅವಲಕ್ಕಿ ಬಿಸಿನೀರು ಹಾಕಿದರೆ ನೆನೆಯುವುದರಿಂದ ಗ್ಯಾಸೂ ಉಳಿಯುತ್ತದೆ. ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ, ಕಟ್ಟಿಸಿದ ಒಲೆಕಟ್ಟೆಯಲ್ಲಿಯೂ ತೆರೆದ ಬೆಂಕಿ ಹಚ್ಚಬಾರದು. ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಸೊಳ್ಳೆಗಳ ಕಾಟ ವಿಪರೀತ. ಚಳಿಗಾಲವಂತೂ ಮೊದಲ ಸಲ ಹೋಗುವವರಿಗೆ ಖಂಡಿತ ಬೇಡ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ದಿನಗಳೇ ಸರಿ, ಆದರೆ ಸೊನ್ನೆಗಿಂತ ಕೆಳಗಿಳಿಯುವ ರಾತ್ರಿಗೆ ಸಿದ್ಧರಾಗಿಯೇ ಹೋಗಿ.

ಎರಡು ವರ್ಷಗಳ ನಂತರ ನಾವಿಬ್ಬರೂ ಅದೇ ದಾರಿಯಲ್ಲಿ ಮತ್ತೆ ನಡೆದೆವು, ಈ ಸಲ ಟೆಂಟಿನೊಂದಿಗೆ. ಬೀಗವಿಲ್ಲದ ಆ ಮನೆಯನ್ನು ಸಂಜೆ ಐದಕ್ಕೆ ತಲುಪಿ ಒಲೆ ಹೊತ್ತಿಸಿದೆವು. ರಾತ್ರಿ ಒಂಬತ್ತರ ಹೊತ್ತಿಗೆ ವಯಸ್ಸಾದ ದಂಪತಿಗಳೂ ಅವರ ಬೆನ್ನಿಗೇ ಇನ್ನೂ ಮೂವರೂ ನೆನೆದುಕೊಂಡು ಬಂದರು. ಹಲಗೆಯ ಮೇಲೆ ಎಲ್ಲರಿಗೂ ಜಾಗ ಸಾಲದೆಂದು ಕಂಡಾಗ ಗೆಳೆಯನೇ ಮೊದಲು ಎದ್ದು ತನ್ನ ಹಾಸಿಗೆಯನ್ನು ಸುತ್ತಿದ. ನಾವು ದಡಕ್ಕೆ ಹೋಗಿ ಟೆಂಟು ಹಾಕಿದೆವು. ಅವರು ಒಲೆಯ ಮೇಲೆ ಕಾಯಿಸಿದ ಚಹಾವನ್ನು ಅಲ್ಲಿಗೇ ತಂದುಕೊಟ್ಟರು.